ಮಾರುವ ಮನೆಗೂ ಒಂದು ಮರ್ಯಾದೆ

ಮನೆ ಕಟ್ಟುವವರಿಗೆ ಬುದ್ಧಿವಾದ ಹೇಳುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಪಾಯ ತೋಡುವ ದಿನದಿಂದ ಗುರುಪ್ರವೇಶದ ದಿನದವರೆಗೆ ಸಲಹೆ ಕೊಡುವ ಬಂಧುಗಳಿಗೆ ಕೊರತೆಯಿಲ್ಲ. ಆದರೆ ಎರಡು ಮೂರು ತಲೆಮಾರು ಬಾಳಿ ಬದುಕಿದ ಮನೆಯನ್ನು ಮಾರಬೇಕಾದ ಕಾಲ ಬಂದಾಗ, ಆ ಕುಟುಂಬದೊಡನೆ ಜಗುಲಿಯ ಮೇಲೆ ಕುಳಿತು ನಾಲ್ಕು ಹಿತನುಡಿ ಆಡುವವರು ವಿರಳ. ಮನೆ ಮಾರುವುದೆಂದರೆ ಏನೋ ಸೋಲು, ಏನೋ ನಾಚಿಕೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದ್ದರಿಂದಲೇ ಆ ಕಾರ್ಯ ಗುಟ್ಟಾಗಿ, ಅವಸರವಾಗಿ, ಒಲ್ಲದ ಮನಸ್ಸಿನಿಂದ ನಡೆದುಹೋಗುತ್ತದೆ. ಈ ಸಂಚಿಕೆಯಲ್ಲಿ ನಾವು ಆ ವಿಷಯವನ್ನೇ ಸಹೃದಯ ಓದುಗರ ಮುಂದಿಡಲು ಬಯಸುತ್ತೇವೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಸಂಚರಿಸುವಾಗ ಬೀಗ ಹಾಕಿದ ಹೆಂಚಿನ ಮನೆಗಳು ಕಣ್ಣಿಗೆ ಬೀಳುತ್ತವೆ. ಮಕ್ಕಳು ಬೆಂಗಳೂರಿನಲ್ಲಿಯೋ ಸಮುದ್ರದಾಚೆಯೋ ನೆಲೆಸಿದ್ದಾರೆ. ವೃದ್ಧ ತಾಯಿತಂದೆಯರು ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಹತ್ತಿರವಾದ ಒಂದು ಚಿಕ್ಕ ಮನೆಗೆ ಬಂದಿದ್ದಾರೆ. ಕೊಳ್ಳುವವರೂ ಇಲ್ಲದಿಲ್ಲ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿಯಾಯಿತು. 2023ರಲ್ಲಿ ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬಂದಿತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಪಟ್ಟಣದವರ ದೃಷ್ಟಿ ಮಲೆನಾಡಿನ ಹಳೆಯ ಮನೆಗಳ ಮೇಲೆ ಬಿದ್ದಿರುವುದು ಸಹಜವೇ ಆಗಿದೆ.

ಹೀಗೆ ಕೊಳ್ಳಲು ಬಂದವರು ಮೊದಲು ನೋಡುವುದೇನು? ಉಣುಗೋಲು ದಾಟಿ ಅಂಗಳಕ್ಕೆ ಕಾಲಿಟ್ಟೊಡನೆ ಕಾಣುವ ಮಾಡು, ಗೋಡೆ, ಜಗುಲಿ ಮತ್ತು ಹೆಬ್ಬಾಗಿಲು. ಒಳಗೆ ಎಷ್ಟೇ ಚೆಲುವಾದ ಕಂಬಗಳಿರಲಿ, ಮಾಡಿನ ಮೇಲೆ ಹುಲ್ಲು ಬೆಳೆದಿದ್ದು ಜಗುಲಿಯ ತುಂಬ ಹರಕು ಗೋಣಿಚೀಲಗಳಿದ್ದರೆ ಬಂದವರ ಮನಸ್ಸು ಅಲ್ಲಿಯೇ ಅರ್ಧ ಬೆಲೆಯನ್ನು ಕಳೆದುಬಿಡುತ್ತದೆ. ಆದ್ದರಿಂದ ಮಾರುವ ಮುನ್ನ ಮನೆಯ ಮುಂಭಾಗವನ್ನು ಒಪ್ಪಗೊಳಿಸುವುದು ವಿವೇಕದ ಕಾರ್ಯ. ಆದರೆ ಒಪ್ಪಗೊಳಿಸುವುದಕ್ಕೂ ಮರೆಮಾಚುವುದಕ್ಕೂ ನಡುವೆ ಒಂದು ಗೆರೆಯಿದೆ. ಆ ಗೆರೆಯನ್ನು ತೋರಿಸಿಕೊಟ್ಟ ಶರಣೆಯೊಬ್ಬಳು ನಮ್ಮ ನೆರೆಯಲ್ಲಿಯೇ ಬಾಳಿದವಳು.

ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕ ಇಂದಿನ ಶಿಕಾರಿಪುರ ತಾಲ್ಲೂಕಿನ ಜಂಬೂರಿನವಳು. ಶಂಭುಜಕ್ಕೇಶ್ವರ ಎಂಬುದು ಆಕೆಯ ವಚನಗಳ ಅಂಕಿತ. ಶರಣರ ಮನೆಯಂಗಳದ ಕಸ ಗುಡಿಸುವುದು ಆಕೆ ಕೈಗೊಂಡ ಕಾಯಕ. ಅದೇ ಸತ್ಯಕ್ಕ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ತನ್ನದಲ್ಲದ್ದನ್ನು ಕೈಯಿಂದ ಮುಟ್ಟುವುದಿಲ್ಲವೆಂದು ವ್ರತ ತೊಟ್ಟಿದ್ದಳೆಂಬುದು ಆಕೆಯ ವಚನದಿಂದಲೇ ತಿಳಿದುಬರುತ್ತದೆ. ಅಂಗಳವನ್ನು ಗುಡಿಸಿದ ಕೈ, ಅನ್ಯಾಯದ ಹೊನ್ನನ್ನು ಮುಟ್ಟದ ಕೈ, ಎರಡೂ ಒಂದೇ. ಮನೆ ಮಾರುವ ಗೃಹಸ್ಥನಿಗೆ ಇದಕ್ಕಿಂತ ಮಿಗಿಲಾದ ಪಾಠ ಬೇಕೆ? ಅಂಗಳವನ್ನು ಚೆನ್ನಾಗಿ ಗುಡಿಸೋಣ. ಆದರೆ ಗುಡಿಸಿದ ಕಸವನ್ನು ಕೊಳ್ಳುವವನ ಕಣ್ಣಿಗೆ ಎರಚುವುದು ಬೇಡ.

ಇನ್ನು ಕೆಲಸದ ಮಾತಿಗೆ ಬರೋಣ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ಲು ನಾಡಿನಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳು. ಇಂತಹ ಸೀಮೆಯಲ್ಲಿ ಮನೆಯ ಅಂದವೆಂದರೆ ಮೊದಲು ಮಾಡಿನ ಅಂದ. ಆದ್ದರಿಂದ ಕೆಲಸ ಮೇಲಿನಿಂದ ಕೆಳಕ್ಕೆ ಸಾಗಬೇಕು. ಮೊದಲು ಮಾಡು, ಆಮೇಲೆ ನೀರಿನ ದಾರಿ, ಆಮೇಲೆ ಗೋಡೆ, ಮರ, ಜಗುಲಿ, ಕಡೆಗೆ ಅಂಗಳ. ಗೋಡೆಗೆ ಬಣ್ಣ ಬಳಿದ ಮೇಲೆ ಮಾಡು ಹತ್ತಿದರೆ ಮೇಲಿನ ಕೊಳೆಯೆಲ್ಲ ಹೊಸ ಬಣ್ಣದ ಮೇಲೆ ಇಳಿಯುತ್ತದೆ.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರ ಆ ಹೆಂಚು ಘಟ್ಟ ಹತ್ತಿ ಬಂದು, ಸೋಗೆ ಮತ್ತು ಹುಲ್ಲಿನ ಮಾಡುಗಳ ಜಾಗವನ್ನು ಕ್ರಮೇಣ ತುಂಬಿತು. ನೂರು ವರ್ಷದ ಹೆಂಚು ಇಂದಿಗೂ ಗಟ್ಟಿಯಾಗಿರಬಲ್ಲದು. ಕೈಯಲ್ಲಿ ಹಿಡಿದು ಬೆರಳಿನಿಂದ ತಟ್ಟಿದರೆ ಗಟ್ಟಿ ಹೆಂಚು ಕಂಚಿನಂತೆ ಟಣ್ ಎನ್ನುತ್ತದೆ. ಸೀಳಿದ ಹೆಂಚಿನ ದನಿ ಮೊಂಡು. ಒಡೆದವುಗಳನ್ನು ಮಾತ್ರ ಬದಲಿಸಿ, ಪಾಚಿಯನ್ನು ಗಟ್ಟಿ ಬ್ರಷ್ಷಿನಿಂದ ತಿಕ್ಕಿ ತೆಗೆದು, ಎರಡು ಮಾಡು ಕೂಡುವ ಕಣಿವೆಯಲ್ಲಿ ಸೇರಿದ ತರಗೆಲೆಯನ್ನು ತೆಗೆದರೆ ಮಾಡು ತಾನಾಗಿಯೇ ಹೊಸದರಂತೆ ಕಾಣುತ್ತದೆ. ಸೀಳಿದ ಹೆಂಚಿನ ಮೇಲೆ ಕೆಂಪು ಬಣ್ಣ ಹೊಡೆದು ಎಲ್ಲವನ್ನೂ ಒಂದೇ ಮಾಡಿಬಿಡುವ ಪದ್ಧತಿ ಈಚೆಗೆ ಹಬ್ಬಿದೆ. ಮೊದಲ ಮಳೆಯಲ್ಲಿ ಅದು ಬಯಲಾಗುತ್ತದೆ. ಹೆಂಚು ಇಳಿಸಿದಾಗಲೇ ರೀಪು, ಪಕಾಸುಗಳನ್ನು ಕತ್ತಿಯ ಹಿಂಬದಿಯಿಂದ ಬಡಿದು ನೋಡಬೇಕು. ಟೊಳ್ಳು ಸದ್ದು ಬಂದ ಕಡೆ ಒರಲೆ ಮನೆ ಮಾಡಿರುತ್ತದೆ.

ಮಾಡಿನ ನಂತರ ನೀರಿನ ದಾರಿ. ಗೋಡೆಯ ಬುಡಕ್ಕೆ ವರ್ಷವರ್ಷವೂ ಮಣ್ಣು ಸೇರುತ್ತ ಬಂದು ಎಷ್ಟೋ ಮನೆಗಳಲ್ಲಿ ಅಂಗಳವೇ ಅಡಿಪಾಯಕ್ಕಿಂತ ಮೇಲೆದ್ದಿರುತ್ತದೆ. ಆ ಮಣ್ಣನ್ನು ಕೆರೆದು, ಸೂರಿನ ನೀರು ಮನೆಯಿಂದ ದೂರ ಹರಿಯುವಂತೆ ಕಾಲುವೆ ಬಿಡಿಸಿದರೆ ಗೋಡೆಯ ತೇವ ಅರ್ಧ ಕಡಿಮೆಯಾದಂತೆಯೇ. ಇದಕ್ಕೆ ತಗಲುವುದು ಎರಡು ದಿನದ ಕೂಲಿ. ಇದನ್ನು ಬಿಟ್ಟು ತೇವದ ಗೋಡೆಗೆ ದುಬಾರಿ ಬಣ್ಣ ಹೊಡೆಸುವವರು ಹಣವನ್ನು ಗೋಡೆಗೆ ಸುರಿದಂತಾಗುತ್ತದೆ.

ಗೋಡೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ನಮ್ಮ ಹಳೆಯ ಮನೆಗಳ ಗೋಡೆ ಮಣ್ಣಿನದು ಅಥವಾ ಜಂಬಿಟ್ಟಿಗೆಯದು. ಇವು ಮಳೆಗಾಲದಲ್ಲಿ ತೇವ ಹೀರಿ, ಬೇಸಿಗೆಯಲ್ಲಿ ಅದನ್ನು ಹೊರಬಿಡುತ್ತವೆ. ಇಂತಹ ಗೋಡೆಗೆ ಸಿಮೆಂಟು ಮೆತ್ತಿ ಪ್ಲಾಸ್ಟಿಕ್ ಬಣ್ಣ ಬಳಿದರೆ ಒಳಗಿನ ತೇವಕ್ಕೆ ದಾರಿಯಿಲ್ಲದೆ ಬಣ್ಣ ಗುಳ್ಳೆಯೇಳುತ್ತದೆ. ಕ್ರಮೇಣ ಗಿಲಾಯಿಯೇ ಕಳಚುತ್ತದೆ. ಸುಣ್ಣವೇ ಇದಕ್ಕೆ ತಕ್ಕದ್ದು. ಚೆನ್ನಾಗಿ ಅರಳಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಹಾಲಿನಂತೆ ತೆಳುವಾಗಿಸಿ, ಸ್ವಲ್ಪ ಅಂಟು ಬೆರೆಸಿ, ಗೋಡೆಯನ್ನು ನೀರಿನಿಂದ ಒದ್ದೆ ಮಾಡಿಕೊಂಡು ಎರಡು ಮೂರು ಸಲ ತೆಳುವಾಗಿ ಬಳಿಯಬೇಕು. ಒಂದೇ ಸಲ ದಪ್ಪಗೆ ಬಳಿದರೆ ಪುಡಿಯಾಗಿ ಉದುರುತ್ತದೆ. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಅರಳಿಸುವಾಗ ಮಕ್ಕಳನ್ನು ದೂರವಿರಿಸಬೇಕು. ಗಿಲಾಯಿ ಇಲ್ಲದ ಜಂಬಿಟ್ಟಿಗೆ ಗೋಡೆಯಿದ್ದರೆ ಅದನ್ನು ಹಾಗೆಯೇ ಬಿಟ್ಟು, ಸಂದುಗಳಿಗೆ ಸುಣ್ಣ ಮರಳಿನ ಗಾರೆ ತುಂಬಿದರೆ ಸಾಕು. ಆ ಕೆಂಪೇ ಒಂದು ಶೋಭೆ.

ಗೋಡೆಯ ಚೆಲುವಿಗೆ ಹೆಚ್ಚು ಹಣ ಬೇಕೆಂಬುದು ಭ್ರಮೆ. ಸಾಗರದ ಸುತ್ತಣ ದೀವರ ಮನೆಗಳ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟು ಮತ್ತು ಪುಂಡಿನಾರಿನ ಕುಂಚದಿಂದ ಬಿಡಿಸುವ ಹಸೆ ಚಿತ್ತಾರವನ್ನು ನೋಡಿದವರಿಗೆ ಇದು ತಿಳಿಯದ ಮಾತಲ್ಲ. ಮನೆಯ ಮಣ್ಣು, ಮನೆಯ ಅಕ್ಕಿ, ಮನೆಯವರ ಕೈ ಸೇರಿ ಎಂತಹ ಗಾಂಭೀರ್ಯವನ್ನು ತರುತ್ತವೆಂಬುದಕ್ಕೆ ಅವು ಸಾಕ್ಷಿ.

ಮರದ ಕೆಲಸಕ್ಕೂ ಇದೇ ನೀತಿ ಅನ್ವಯಿಸುತ್ತದೆ. ಹೊಗೆ ಹಿಡಿದು ಕಪ್ಪಾದ ಕಂಬ, ಕಿಟಕಿ, ಹೆಬ್ಬಾಗಿಲುಗಳನ್ನು ಅಂಟುವಾಳದ ನೀರಿನಲ್ಲಿ ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಲು ಬಿಟ್ಟು, ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ಸವರಿದರೆ ಮರದ ಎಳೆಗಳು ಮತ್ತೆ ಎದ್ದು ಕಾಣುತ್ತವೆ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ತಾನೇ ಕಾದು ಬೆಂಕಿ ಹತ್ತುವುದುಂಟು. ಹರಡಿ ಒಣಗಿಸಬೇಕು. ಹಿಂದೆ ಬಳಿದ ಎಣ್ಣೆಬಣ್ಣವನ್ನು ಕೆರೆಯುವುದಾದರೆ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಹಳೆಯ ಬಣ್ಣಗಳಲ್ಲಿ ಸೀಸದ ಅಂಶವಿರುತ್ತದೆ. ಅದರ ದೂಳು ಮಕ್ಕಳ ಮಿದುಳಿಗೂ ಗರ್ಭಿಣಿಯರಿಗೂ ಹಾನಿಕರ. ನಮ್ಮ ದೇಶದಲ್ಲಿ ಮನೆಬಣ್ಣದ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗ ಮೀರದಂತೆ ಮಿತಿಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರಲ್ಲಷ್ಟೇ. ಆದ್ದರಿಂದ ಹಳೆಯ ಬಣ್ಣವನ್ನು ನೀರು ಚಿಮುಕಿಸಿ ಒದ್ದೆ ಮಾಡಿಯೇ ಕೆರೆಯತಕ್ಕದ್ದು.

ಜಗುಲಿಯ ಕಾವಿ ನೆಲವನ್ನು ಆಸಿಡ್ ಹಾಕಿ ತಿಕ್ಕಬೇಡಿ. ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿದರೆ ಕನ್ನಡಿಯಂತಾಗುತ್ತದೆ. ಅದರ ಮೇಲೆ ಹೊಳೆಯುವ ಹೊಸ ಟೈಲ್ಸ್ ಕೂರಿಸಿ ಬೆಲೆ ಹೆಚ್ಚಿಸಬಹುದೆಂಬುದು ತಪ್ಪು ಲೆಕ್ಕ. ಹಳೆಯ ಮನೆಯನ್ನು ಅರಸಿ ಬರುವವರು ಹಳೆಯ ಜಗುಲಿಯನ್ನೇ ಅರಸಿ ಬರುತ್ತಾರೆ. ಕುಪ್ಪಳಿಯಲ್ಲಿ ರಾಷ್ಟ್ರಕವಿ ಕುವೆಂಪು ಅವರ ಮೂರಂತಸ್ತಿನ ತೊಟ್ಟಿಮನೆಯನ್ನು ನೋಡಲು ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಅಲ್ಲಿ ಅವರು ಮನಸೋಲುವುದು ಮರದ ಕಂಬಗಳಿಗೆ, ತೊಟ್ಟಿಯೊಳಗೆ ಬೀಳುವ ಬೆಳಕಿಗೆ, ಒಪ್ಪವಾದ ನೆಲಕ್ಕೆ.

ಕಡೆಯದಾಗಿ ಅಂಗಳ. ದೀಪಾವಳಿಯ ನಂತರ ಅಂಗಳದಲ್ಲಿ ಅಡಕೆ ಹರಡಿರುತ್ತದೆ. ಅದನ್ನು ಮರೆಸಬೇಕಾಗಿಲ್ಲ, ದುಡಿಯುವ ಮನೆಗೆ ಅದೇ ಒಡವೆ. ಆದರೆ ಮುರಿದ ಗಾಡಿ, ತುಕ್ಕು ಹಿಡಿದ ತಗಡು, ಹಳೆಯ ಟಯರುಗಳು ಹೋಗಲೇಬೇಕು. ಪೂಜೆಗೆ ಪತ್ರೆ ಕೊಟ್ಟ ಬಿಲ್ವದ ಗಿಡ, ಕಣಗಿಲೆ, ದಾಸವಾಳಗಳ ಬುಡ ಬಿಡಿಸಿ ನೀರೆರೆದರೆ ಬಂದವರಿಗೆ ಇಲ್ಲಿ ಭಕ್ತರು ಬಾಳಿದರೆಂಬುದು ಹೇಳದೆಯೇ ತಿಳಿಯುತ್ತದೆ. ನೋಟ ತೆರೆಯಲೆಂದು ದೊಡ್ಡ ಮರಗಳನ್ನು ಉರುಳಿಸುವುದು ಬೇಡ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಸ್ವಂತ ಜಮೀನಿನ ಮರ ಕಡಿಯಲೂ ಸಾಮಾನ್ಯವಾಗಿ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಇನ್ನೊಂದು ಮಾತು. ಅಂಗಳ, ಹಿತ್ತಲುಗಳ ತರಗೆಲೆ ಗುಡಿಸುವ ಕಾಲವೂ ಮಂಗನಕಾಯಿಲೆಯ ಕಾಲವೂ ಒಂದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗ ಉಣುಗಿನ ಕಡಿತದಿಂದ ಹರಡುತ್ತದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಪ್ರಾಣಹಾನಿಯೂ ಆಯಿತು. ಕಾಡಂಚಿನ ಮನೆಯವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದವರು ಹೇಳುವ ಉಣುಗು ನಿವಾರಕ ಎಣ್ಣೆ ಹಚ್ಚಿಕೊಂಡೇ ಕೆಲಸಕ್ಕಿಳಿಯಬೇಕು. ಮುಗಿದ ಮೇಲೆ ಬಿಸಿನೀರು ಸ್ನಾನ ಮಾಡಿ ಬಟ್ಟೆಯನ್ನೂ ತೊಳೆಯಬೇಕು.

ಇಷ್ಟು ಮಾಡಿದರೆ ಮನೆ ಒಪ್ಪವಾಯಿತು. ಇನ್ನು ಮಾಡಬಾರದ ಕೆಲಸಗಳು ಕೆಲವುಂಟು.

ಮೊದಲನೆಯದು, ವಾಸ್ತುವಿನ ಹೆಸರಿನಲ್ಲಿ ಬಾಗಿಲು ಕಿತ್ತು ಗೋಡೆ ಒಡೆಯುವುದು. ಕೊಳ್ಳುವವರು ಕೇಳಿಯಾರೆಂಬ ಊಹೆಯ ಮೇಲೆ ಲಕ್ಷಗಟ್ಟಲೆ ಸುರಿಯುವವರಿದ್ದಾರೆ. ಶುಭ ಅಶುಭಗಳ ಅಂಜಿಕೆಯನ್ನು ಕಳೆದು ಭಕ್ತನಿಗೆ ಎಲ್ಲ ದಿನಗಳೂ ಎಲ್ಲ ದಿಕ್ಕುಗಳೂ ಶಿವಮಯವೆಂದು ತಿಳಿಹೇಳಿದ ಬಸವಾದಿ ಶರಣರ ಮಕ್ಕಳಿಗೆ ಈ ಭಯ ಒಪ್ಪುವುದೆ? ಅನೇಕ ಮಳೆಗಾಲಗಳನ್ನು ತಡೆದ ಗೋಡೆಯನ್ನು ಒಡೆದರೆ ಮನೆಯ ಬಲವೇ ಕುಗ್ಗುತ್ತದೆ.

ಎರಡನೆಯದು, ಮನೆಯನ್ನು ತುಂಡುತುಂಡಾಗಿ ಮಾರುವುದು. ಕೆತ್ತನೆಯ ಕಂಬ, ಬಾಗಿಲುವಾಡಗಳನ್ನು ಕೊಂಡೊಯ್ಯಲು ವ್ಯಾಪಾರಿಗಳು ಹಳ್ಳಿ ಹಳ್ಳಿಗೆ ಬರುತ್ತಾರೆ. ಕೈಗೆ ಕೊಂಚ ಹಣ ಬರುತ್ತದೆ. ಆದರೆ ಕಂಬ ಹೋದ ಮನೆ ಹಲ್ಲು ಬಿದ್ದ ಬಾಯಿಯಂತೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಾಳಾಗುತ್ತಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ಹಸ್ತಶಿಲ್ಪ ಗ್ರಾಮದಲ್ಲಿ ಮತ್ತೆ ಇಡಿಯಾಗಿ ನಿಲ್ಲಿಸಿದರು. 2017ರಲ್ಲಿ ಅವರು ಅಗಲಿದರೂ ಆ ಮನೆಗಳು ನಿಂತಿವೆ. ಇಡಿಯಾದ ಮನೆಗೆ ಇರುವ ಬೆಲೆ ಬಿಡಿ ಕಂಬಗಳಿಗೆ ಇಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಮೂರನೆಯದು, ಮೆತ್ತಿನ ಮೇಲಿನ ಹಳೆಯ ಗಂಟುಗಳನ್ನು ನೋಡದೆ ಬೆಂಕಿಗೆ ಹಾಕುವುದು. ನಮ್ಮ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಬೇಡುತ್ತೇವೆ. ಫ. ಗು. ಹಳಕಟ್ಟಿಯವರು ಊರೂರು ಅಲೆದು, ಮನೆಮನೆಗಳಲ್ಲಿ ಅಡಗಿದ್ದ ತಾಡೋಲೆಗಳನ್ನು ಕಲೆಹಾಕಿದ್ದರಿಂದಲೇ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಕು ಕಂಡಿತು. ಕೆಳದಿ ಇಕ್ಕೇರಿ ಬಿದನೂರುಗಳಿಂದ ಆಳಿದ ನಾಯಕ ಅರಸರು ವೀರಶೈವ ಮಠಗಳಿಗೆ ಆಶ್ರಯ ಕೊಟ್ಟ ಈ ಸೀಮೆಯಲ್ಲಿ, 1763ರಲ್ಲಿ ಬಿದನೂರು ಹೈದರಾಲಿಯ ವಶವಾದ ಮೇಲೂ ಓಲೆ, ಕಡತಗಳು ಗೃಹಸ್ಥರ ಮನೆಗಳಲ್ಲಿ ಉಳಿದುಬಂದವು. ನಿಮ್ಮ ಮೆತ್ತಿನಲ್ಲಿ ಅಂತಹ ಕಟ್ಟು ಸಿಕ್ಕರೆ ಎಣ್ಣೆ ಹಚ್ಚಲು ಹೋಗದೆ, ಬಿಡಿಸಲು ಹೋಗದೆ, ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ನಿಮ್ಮ ಮಠಕ್ಕೋ ಕೆಳದಿಯ ವಸ್ತುಸಂಗ್ರಹಾಲಯಕ್ಕೋ ತೋರಿಸಿರಿ. ಮನೆಯೊಡನೆ ಅದು ಮಾರಾಟವಾಗಕೂಡದು.

ನಾಲ್ಕನೆಯದು ಅತ್ಯಂತ ಸೂಕ್ಷ್ಮವಾದುದು. ನಮ್ಮ ಹಿರಿಯರನ್ನು ನಾವು ಭೂಮಿಯ ಮಡಿಲಿಗಿಡುತ್ತೇವೆ. ತೋಟದ ಅಂಚಿನಲ್ಲಿ ಅಜ್ಜ ಅಜ್ಜಿಯರ ಸಮಾಧಿಯಿರುವ ಮನೆಗಳು ನಮ್ಮಲ್ಲಿ ಅನೇಕ. ಕೊಳ್ಳುವವರು ಹಿಂಜರಿದಾರೆಂದು ಹೆದರಿ, ಮಾರುವ ಮುನ್ನ ಆ ಕಟ್ಟೆಯನ್ನು ಸಮ ಮಾಡಿ ಮೇಲೆ ಹೂಗಿಡ ನೆಡುವ ಯೋಚನೆ ಕೆಲವರಿಗೆ ಬರುವುದುಂಟು. ಇದು ಅಂದಗೊಳಿಸುವ ಕೆಲಸವಲ್ಲ. ಸತ್ತವರಿಗೂ ಬದುಕಿರುವವರಿಗೂ ಏಕಕಾಲದಲ್ಲಿ ಮಾಡುವ ದ್ರೋಹ. ಕಟ್ಟೆಗೆ ಸುಣ್ಣ ಬಳಿಯಿರಿ, ಸುತ್ತ ಬೇಲಿ ಹಾಕಿರಿ, ಬಂದವರನ್ನು ಅಲ್ಲಿಗೆ ಕರೆದೊಯ್ದು ಇದು ನಮ್ಮ ಹಿರಿಯರ ಸ್ಥಳ ಎಂದು ಹೇಳಿರಿ. ಆ ತುಣುಕು ಭೂಮಿಯನ್ನು ಮಾರಾಟದಿಂದ ಹೊರಗಿಡಲು ಸಾಧ್ಯವೇ ಎಂದು ವಕೀಲರಲ್ಲಿ ಕೇಳಿರಿ. ಇಲ್ಲವಾದಲ್ಲಿ, ವರ್ಷಕ್ಕೊಮ್ಮೆ ಬಂದು ಪೂಜಿಸುವ ಹಕ್ಕನ್ನೂ ಅಲ್ಲಿಗೆ ಹೋಗುವ ದಾರಿಯನ್ನೂ ಕ್ರಯಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿಸಿರಿ. ಬಾಯಿಮಾತು ಮುಂದಿನ ತಲೆಮಾರಿಗೆ ಉಳಿಯುವುದಿಲ್ಲ.

ಹೇಳಿದರೆ ಬೆಲೆ ಇಳಿಯುವುದಿಲ್ಲವೆ ಎಂದು ಕೇಳುವಿರಾದರೆ, ಇಳಿಯಬಹುದು ಎಂದೇ ನಮ್ಮ ಉತ್ತರ. ಆದರೆ ಇಳಿದ ಆ ಹಣ ಮೊದಲಿನಿಂದಲೂ ನಮ್ಮದಾಗಿರಲಿಲ್ಲ. ಕಾನೂನೂ ಇದನ್ನೇ ಹೇಳುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣದಂತೆ, ಕೊಳ್ಳುವವನಿಗೆ ತಿಳಿಯದ, ಸಾಮಾನ್ಯ ಎಚ್ಚರದಿಂದ ಅವನು ಕಂಡುಕೊಳ್ಳಲಾಗದ ಮುಖ್ಯ ದೋಷಗಳನ್ನು ಮಾರುವವನೇ ಮುಂದಾಗಿ ತಿಳಿಸತಕ್ಕದ್ದು; ತಿಳಿಸದಿರುವುದು ವಂಚನೆಯೆನಿಸುತ್ತದೆ. ಅಮೆರಿಕದಲ್ಲಿ ನೆಲೆಸಿದ ನಮ್ಮವರು ಅಲ್ಲಿ ಮನೆ ಮಾರುವ ಮುನ್ನ ಹುಲ್ಲುಹಾಸು ಕತ್ತರಿಸಿ, ಮುಂಬಾಗಿಲಿಗೆ ಬಣ್ಣ ಬಳಿದು, ರಸ್ತೆಯಿಂದ ನೋಡಿದವರಿಗೆ ಮನೆ ಸೊಗಸಾಗಿ ಕಾಣುವಂತೆ ಮಾಡುವ ಪದ್ಧತಿಯನ್ನು ಬಲ್ಲರು. ಅದೇ ದೇಶದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮನೆಯ ದೋಷಗಳನ್ನು ಮಾರುವವರು ಲಿಖಿತವಾಗಿ ತಿಳಿಸಬೇಕೆಂಬ ಕಾನೂನು 1987ರಿಂದ ಜಾರಿಯಲ್ಲಿದೆ. ಅಲಂಕಾರವೂ ಇರಲಿ, ಪ್ರಾಮಾಣಿಕತೆಯೂ ಇರಲಿ ಎಂಬುದೇ ಇದರ ಸಾರ.

ಮಲೆನಾಡಿಗೆ ಒಪ್ಪುವ ಒಂದು ಪರೀಕ್ಷೆಯನ್ನು ನಾವು ಸೂಚಿಸಬಯಸುತ್ತೇವೆ. ಮಾಘ ಮಾಸದ ಬಿಸಿಲಿನಲ್ಲಿ ಯಾವ ಮನೆಯೂ ಚೆಂದವೇ. ಸುಣ್ಣ ಬೆಳ್ಳಗಿರುತ್ತದೆ, ಮಾಡು ಒಣಗಿರುತ್ತದೆ, ಸೋರುವ ಜಾಗ ಯಾರಿಗೂ ಕಾಣಿಸದು. ಕೊಳ್ಳುವವರಿಗೆ ಆಷಾಢದಲ್ಲಿ ಒಮ್ಮೆ ಬಂದು ನೋಡಿರಿ ಎಂದು ಧೈರ್ಯವಾಗಿ ಹೇಳಬಲ್ಲ ಮನೆಯೇ ನಿಜವಾಗಿ ಒಪ್ಪವಾದ ಮನೆ. ಅಷ್ಟು ದಿನ ಕಾಯಲಾಗದಿದ್ದರೆ, ಯಾವ ಕೋಣೆಯ ಯಾವ ಮೂಲೆಯಲ್ಲಿ ಹನಿ ಬೀಳುತ್ತದೆ, ಬೇಸಿಗೆಯಲ್ಲಿ ಬಾವಿಯ ನೀರು ಎಷ್ಟಕ್ಕಿಳಿಯುತ್ತದೆ, ಮಳೆಗಾಲದಲ್ಲಿ ಹಳ್ಳ ಉಕ್ಕಿ ದಾರಿ ಕಟ್ಟುವುದೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡಿರಿ. ಇಷ್ಟನ್ನು ಹೇಳಿದವರ ಉಳಿದ ಮಾತನ್ನೆಲ್ಲ ಕೊಳ್ಳುವವರು ನಂಬುತ್ತಾರೆ. ಚೌಕಾಸಿಗೂ ಹೆಚ್ಚು ಅವಕಾಶವಿರುವುದಿಲ್ಲ.

ಮನೆಯ ಮುಂಭಾಗದಂತೆ ಮನೆಯ ಕಾಗದಪತ್ರಗಳೂ ಸ್ವಚ್ಛವಾಗಿರಬೇಕು. ಅಜ್ಜನ ಹೆಸರಿನಲ್ಲಿಯೇ ಉಳಿದ ಪಹಣಿ, ಪೌತಿಖಾತೆಯಾಗದ ಹಿಸ್ಸೆ, ತೀರಿದರೂ ದಾಖಲೆಯಲ್ಲಿ ತೀರದ ಸೊಸೈಟಿ ಸಾಲ, ಇವು ಮಾಡಿನ ಮೇಲಿನ ಪಾಚಿಗಿಂತ ಕೆಟ್ಟವು. ಇ.ಸಿ. ಎಂದು ಕರೆಯುವ ಋಣಭಾರ ಪತ್ರವನ್ನೂ, ಗ್ರಾಮ ಪಂಚಾಯತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ನ್ನೂ ಮೊದಲೇ ತೆಗೆಸಿಡಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ನಿಂತಾಗ ಮನೆ ಬಿಟ್ಟು ಬಂದವರಿಗೆ ಕೊಟ್ಟ ಭೂಮಿಯ ಹಕ್ಕುಪತ್ರದ ತೊಡಕು ದಶಕಗಳವರೆಗೆ ಎಳೆಯಿತು. ಅಂತಹ ಭೂಮಿಯಲ್ಲಿ ಮನೆಯಿದ್ದವರು ದಾಖಲೆ ತಿಳಿಯಾಗುವ ತನಕ ಮುಂಗಡ ಪಡೆಯದಿರುವುದು ಒಳಿತು.

ಹೆಣ್ಣುಮಕ್ಕಳ ಮಾತನ್ನು ಇಲ್ಲಿ ಮರೆಯಲಾಗದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವೀರಶೈವ, ಲಿಂಗಾಯತರಿಗೂ ಅನ್ವಯಿಸುತ್ತದೆಂದು ಅದರಲ್ಲಿಯೇ ಹೆಸರಿಸಿ ಹೇಳಿದೆ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು; ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರನ್ನು ರುಜು ಹಾಕುವ ದಿನ ಮಾತ್ರ ಕರೆಯುವುದು ಗಂಡಸರಿಗೆ ಶೋಭೆಯಲ್ಲ. ಮಾರುವ ನಿರ್ಧಾರಕ್ಕೆ ಮುಂಚೆಯೇ ಅವರನ್ನು ಕರೆಯಿರಿ. ಗುಡಿಸಿ ಸಾರಿಸುವ ದಿನ ಅವರೂ ಬರಲಿ. ಆ ನೆಲವನ್ನು ಬಾಲ್ಯದಲ್ಲಿ ಸಾರಿಸಿದ ಕೈಗಳು ಅವರವೇ ಅಲ್ಲವೆ? ಹೆಣ್ಣಿಗೂ ಲಿಂಗದೀಕ್ಷೆ ಕೊಟ್ಟು ಗಂಡಿನ ಸರಿಸಮಾನವಾಗಿ ಕೂರಿಸಿದ ಧರ್ಮಕ್ಕೆ ಸೇರಿದವರಿಗೆ ಕಾನೂನು ಹೇಳಿಕೊಡಬೇಕಾದ ಪಾಠ ಇದಾಗಬಾರದು.

ಇಷ್ಟೆಲ್ಲ ಒಪ್ಪಗೊಳಿಸಿದ ಮೇಲೆ ಒಂದು ವಿಚಿತ್ರ ಸಂಗತಿ ನಡೆಯುವುದುಂಟು. ಸುಣ್ಣ ಬಳಿದು, ಮರಕ್ಕೆ ಎಣ್ಣೆ ಸವರಿ, ಅಂಗಳ ಸಾರಿಸಿದ ಮನೆಯನ್ನು ಕಂಡಾಗ ಇಷ್ಟು ಚೆಲುವಾದ ಮನೆಯನ್ನು ಏಕೆ ಮಾರಬೇಕೆಂದು ಮನೆಯವರಿಗೇ ಅನ್ನಿಸಿಬಿಡುತ್ತದೆ. ಅಣ್ಣತಮ್ಮಂದಿರು ಕುಳಿತು ಯೋಚಿಸಿ, ಇಟ್ಟುಕೊಳ್ಳುವ ದಾರಿಯಿದ್ದರೆ ಇಟ್ಟುಕೊಳ್ಳಲಿ. ಅದು ಸಂತೋಷದ ಮಾತು. ದಾರಿಯಿಲ್ಲವೆಂದಾದರೆ ಕಣ್ಣೀರಿಡಬೇಕಾಗಿಲ್ಲ. ನಮ್ಮ ದೇವರು ಗೋಡೆಗೆ ಅಂಟಿಕೊಂಡು ಕುಳಿತವನಲ್ಲ. ಅಂಗೈಯ ಇಷ್ಟಲಿಂಗ ನಾವು ಹೋದಲ್ಲಿಗೆ ಬರುತ್ತದೆ. ಅದನ್ನು ಯಾವ ಕ್ರಯಪತ್ರವೂ ನಮ್ಮಿಂದ ಬೇರೆ ಮಾಡಲಾರದು. ಮನೆ ಬಿಟ್ಟ ಭಕ್ತ ದೇವರನ್ನು ಬಿಟ್ಟವನಾಗುವುದಿಲ್ಲ.

ಹಸ್ತಾಂತರದ ದಿನ ದೇವರಕೋಣೆಯನ್ನು ತೊಳೆದು, ಒಲೆಯ ಬೂದಿ ತೆಗೆದು, ಬಾವಿಯ ಹಗ್ಗ ಹೊಸದು ಕಟ್ಟಿ, ಹೊಸ್ತಿಲಿಗೆ ರಂಗೋಲಿಯಿಟ್ಟು ಕೀಲಿಕೈ ಕೊಡಿರಿ. ಬರುವವರು ಯಾವ ಜಾತಿಯವರೇ ಆಗಲಿ, ಯಾವ ಊರಿನವರೇ ಆಗಲಿ, ಅಂದು ಅವರಿಗೊಂದು ಊಟ ಹಾಕಿರಿ. ಆ ಮನೆ ನಿಮ್ಮ ಕೈಯಿಂದ ನಡೆಸುವ ಕಡೆಯ ದಾಸೋಹ ಅದು.